ಫ್ರಿಜ್‌ನಲ್ಲಿ ಬ್ಯಾಗ್ ಎಕ್ಸ್‌ಪೈರ್ ಆಗ್ತಿವೆ, ಕೇಳಿದಾಗ ಮಾತ್ರ ರಕ್ತ ಇಲ್ಲ. ಎಲ್ಲಿ ತಪ್ಪುತ್ತಿದೆ?

ಭೀಮಾತೀರ:
ಯಾದಗಿರಿ ಜಿಲ್ಲೆಯ ಒಂದು ತಾಲೂಕಿನ ಬ್ಲಡ್ ಸ್ಟೋರೇಜ್ ಸೆಂಟರ್‌ನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ನಮ್ಮಲ್ಲಿ ರಕ್ತ ತೆಗೆಯುವುದಿಲ್ಲ. ನಮಗೆ ರಕ್ತ ಪೂರೈಸುವ ಕಲಬುರಗಿಯ ಬ್ಲಡ್ ಸೆಂಟರ್‌ನಿಂದ (ಮದರ್ ಸೆಂಟರ್) ಪ್ಯಾಕ್ಡ್ ಸೆಲ್, ಅಂದರೆ ರಕ್ತದಿಂದ ಬೇರ್ಪಡಿಸಿದ ಕೆಂಪುಕಣ, ಬರುತ್ತದೆ. ನಾವು ಇಟ್ಟುಕೊಂಡು, ಕ್ರಾಸ್‌ಮ್ಯಾಚ್ ಮಾಡಿ (ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ) ಕೊಡುತ್ತೇವೆ. ಕೇಳುವವರಲ್ಲಿ ಹೆರಿಗೆ ವಾರ್ಡಿನವರೇ ಜಾಸ್ತಿ.

ಬೇಸಿಗೆ ಬಂತೆಂದರೆ ನಮ್ಮ ಕಡೆ ಹೇಗಿರುತ್ತದೆ ಗೊತ್ತಲ್ವಾ? ಕಾಲೇಜಿಗೆ ರಜೆ, ಕ್ಯಾಂಪ್ ಇಲ್ಲ, ಬಿಸಿಲಿಗೆ ಯಾರೂ ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಮದರ್ ಸೆಂಟರ್‌ನವರೂ ಕೈ ಬಿಗಿ ಹಿಡಿಯುತ್ತಾರೆ. ಇಂಥ ಹೊತ್ತಿನಲ್ಲೇ ನಮ್ಮ ಫ್ರಿಜ್‌ನಲ್ಲಿ ಬ್ಯಾಗ್‌ಗಳು ಅವಧಿ ಮುಗಿದು ಹೋಗುತ್ತಿವೆ. ಅದೇ ವಾರ ಬಿ ಪಾಸಿಟಿವ್ ಬೇಕೆಂದು ಫೋನ್ ಬಂದರೆ "ಸ್ಟಾಕ್ ಇಲ್ಲ" ಎನ್ನಬೇಕಾಗುತ್ತದೆ.

ಫ್ರಿಜ್ ಸರಿ ಇದೆ. 2ರಿಂದ 6 ಡಿಗ್ರಿ ಒಳಗೇ ಇರುತ್ತದೆ, ಅಲಾರಂ ಕೂಡ ಚೆಕ್ ಮಾಡಿದ್ದೇನೆ. ಲೆಕ್ಕ ಎಕ್ಸೆಲ್‌ನಲ್ಲಿದೆ. ಅವಧಿಗೆ 7 ದಿನ ಉಳಿದಾಗ ಸಾಲು ಕೆಂಪಾಗಬೇಕು ಅಂತ ಸೆಟ್ ಮಾಡಿದ್ದೇವೆ. ಕೆಲವು ಸಾಲು ಕೆಂಪಾಗುತ್ತವೆ, ಕೆಲವು ಆಗುವುದೇ ಇಲ್ಲ. ಶೀಟಿನ ಮೂರು ಸಾಲು ಇಲ್ಲಿವೆ:

ಬಿ ಪಾಸಿಟಿವ್ | ಸಂಗ್ರಹ 03-04 | ಅವಧಿ 08-05 | ರಿಸರ್ವ್
ಬಿ ಪಾಸಿಟಿವ್ | ಸಂಗ್ರಹ 10-04 | ಅವಧಿ 15-05 | ರಿಸರ್ವ್
ಎಬಿ ಪಾಸಿಟಿವ್ | ಸಂಗ್ರಹ 05-04 | ಅವಧಿ 10-05 | ರಿಸರ್ವ್ ಆಗಿಲ್ಲ

ನೈಟ್ ಡ್ಯೂಟಿ:
ಇನ್ನಷ್ಟು ಬ್ಯಾಗ್ ತರಿಸಿ ಸರ್. ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ಕಲಬುರಗಿಯ ಸ್ಟಾಕ್ ಕಾಣಿಸುತ್ತದೆ, ನೋಡಿ ಕೇಳಿ.

ಬೀದರ್ ಕೋಟೆ:
ಇರುವುದೇ ಹಾಳಾಗುತ್ತಿರುವಾಗ ಇನ್ನಷ್ಟು ತರಿಸಿದರೆ ಹಾಳಾಗುವುದೂ ಇನ್ನಷ್ಟೇ ಆಗುತ್ತದೆ. ಮೊದಲು ಶೀಟ್ ನೋಡೋಣ.

ಭೀಮಾತೀರ, ಒಂದು ಪ್ರಶ್ನೆ. ಅವಧಿಯ ಕಾಲಂನಲ್ಲಿ ಕೆಲವು ದಿನಾಂಕ ಸೆಲ್‌ನ ಎಡಕ್ಕೂ ಕೆಲವು ಬಲಕ್ಕೂ ಅಂಟಿಕೊಂಡಿವೆಯಾ?

ಭೀಮಾತೀರ:
ಹೌದ್ರಿ! 08-05 ಬಲಕ್ಕಿದೆ, 15-05 ಎಡಕ್ಕಿದೆ. ಅಂದಕ್ಕೆ ಹಾಗಾಗಿದೆ ಅಂದುಕೊಂಡಿದ್ದೆ.

ಬೀದರ್ ಕೋಟೆ:
ಹಾಗಾದರೆ ಸಿಕ್ಕಿತು. ನಿಮ್ಮ ಕಂಪ್ಯೂಟರ್‌ನ ರೀಜನ್ ಸೆಟ್ಟಿಂಗ್ ಅಮೆರಿಕದ್ದಿದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನೀವು ಮೇ 8 ಅಂತ 08-05 ಹೊಡೆದರೆ ಎಕ್ಸೆಲ್ ಅದನ್ನು ಆಗಸ್ಟ್ 5 ಎಂದು ಓದುತ್ತದೆ. ಬ್ಯಾಗಿಗೆ ಇನ್ನೂ ಮೂರು ತಿಂಗಳು ಆಯುಷ್ಯ ಇದೆ ಎಂದು ಅದರ ಲೆಕ್ಕ, ಕೆಂಪಾಗುವುದು ಎಲ್ಲಿಂದ ಬಂತು? 10-05 ಕೂಡ ಹಾಗೆಯೇ, ಅಕ್ಟೋಬರ್ 5 ಆಗಿ ಕೂತಿದೆ. 15-05 ಹೊಡೆದಾಗ 15ನೇ ತಿಂಗಳು ಅಂತ ಇಲ್ಲವಲ್ಲ, ಅದಕ್ಕೆ ಅದನ್ನು ಬರೀ ಅಕ್ಷರ ಎಂದುಕೊಂಡು ಎಡಕ್ಕೆ ತಳ್ಳಿದೆ. ಅಕ್ಷರದಿಂದ ದಿನ ಕಳೆಯಲು ಬರುವುದಿಲ್ಲ, ಆದ್ದರಿಂದ ಅದೂ ಕೆಂಪಾಗುವುದಿಲ್ಲ. ಅವಧಿಯ ಪ್ರಕಾರ ಸಾಲು ಜೋಡಿಸಿದರೂ ಇವೆಲ್ಲ ಕೆಳಗೇ ಹೋಗಿ ಬೀಳುತ್ತವೆ.

ವಿಂಡೋಸ್ ಹೊಸದಾಗಿ ಹಾಕಿದ ಯಂತ್ರಗಳಲ್ಲಿ ಈ ತೊಂದರೆ ತುಂಬಾ ಸಾಮಾನ್ಯ.

ಇವತ್ತೇ ಮಾಡಬೇಕಾದದ್ದು: ಶೀಟ್ ಮುಚ್ಚಿಡಿ. ಫ್ರಿಜ್ ತೆರೆದು ಪ್ರತಿ ಬ್ಯಾಗಿನ ಲೇಬಲ್ ನೋಡಿ ಅವಧಿ ಬರೆದುಕೊಳ್ಳಿ. ಲೇಬಲ್ ಮೇಲಿರುವುದೇ ಕೊನೆಯ ಮಾತು. ಬಾಗಿಲು ಜಾಸ್ತಿ ಹೊತ್ತು ತೆರೆದಿಡಬೇಡಿ, ಒಂದೊಂದು ಗ್ರೂಪ್ ನೋಡಿ ಮುಚ್ಚಿ. ಆಮೇಲೆ ರೀಜನ್ ಅನ್ನು ಇಂಗ್ಲಿಷ್ ಇಂಡಿಯಾಗೆ ಬದಲಿಸಿ. ಆದರೆ ಅಷ್ಟಕ್ಕೇ ಹಳೆಯ ಸಾಲುಗಳು ಸರಿಯಾಗುವುದಿಲ್ಲ, ಇಲ್ಲೇ ಎಲ್ಲರೂ ಎಡವುವುದು. ಎಡಕ್ಕಿರುವವನ್ನು ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ದಿನ-ತಿಂಗಳು-ವರ್ಷ ಆರಿಸಿ ಸರಿ ಮಾಡಬಹುದು. ಬಲಕ್ಕಿರುವವು ತಪ್ಪು ತಿಂಗಳಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಅವಕ್ಕೆ ಪಕ್ಕದ ಕಾಲಂನಲ್ಲಿ ಡೇಟ್ ಫಾರ್ಮುಲಾ ಬರೆದು, ತಿಂಗಳ ಜಾಗಕ್ಕೆ ದಿನವನ್ನೂ ದಿನದ ಜಾಗಕ್ಕೆ ತಿಂಗಳನ್ನೂ ಕೊಡಿ. ಬ್ಯಾಗ್ ಕಡಿಮೆ ಇದ್ದರೆ ಸುಮ್ನೆ ಕೈಯಿಂದ ಮತ್ತೆ ಹೊಡೆಯುವುದೇ ವಾಸಿ. ಇನ್ನು ಮುಂದೆ ತಿಂಗಳನ್ನು ಅಂಕಿಯಲ್ಲಿ ಹೊಡೆಯಬೇಡಿ, ಇಂಗ್ಲಿಷಿನ ಮೂರಕ್ಷರದಲ್ಲಿ ಹೊಡೆಯಿರಿ. ಆಗ ಯಾವ ಸೆಟ್ಟಿಂಗ್ ಇದ್ದರೂ ಗೊಂದಲವಿಲ್ಲ.

ತೊಗರಿ ಕಣಜ:
ಕಲಬುರಗಿಯ ಒಂದು ಬ್ಲಡ್ ಸೆಂಟರ್‌ನಲ್ಲಿ ಇಶ್ಯೂ ಕೌಂಟರ್ ನೋಡಿಕೊಳ್ಳುತ್ತೇನೆ. ದಿನಾಂಕದ ವಿಷಯ ಒಪ್ಪಿದೆ. ಆದರೆ ನಿಮ್ಮ ಮೂರು ಸಾಲಿನಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು "ರಿಸರ್ವ್". ಆ ಬಿ ಪಾಸಿಟಿವ್ ಎರಡೂ ಯಾರ ಹೆಸರಲ್ಲಿವೆ? ಅವರಿಗೆ ಹೆರಿಗೆ ಆಯಿತಾ?

ಭೀಮಾತೀರ:
ಕೇಳಿದ್ದು ಒಳ್ಳೆಯದಾಯಿತು. ಇಬ್ಬರಿಗೂ ಸಿಸೇರಿಯನ್ ಆಗಿ ಮನೆಗೆ ಹೋಗಿದ್ದಾರೆ. ರಕ್ತ ಬೇಕಾಗಲಿಲ್ಲ. ರಿಸರ್ವ್ ತೆಗೆಯಿರಿ ಅಂತ ವಾರ್ಡಿನವರು ಹೇಳಲಿಲ್ಲ. ಕೇಳಿದರೆ "ಇರಲಿ ಬಿಡಿ" ಅನ್ನುತ್ತಾರೆ.

ತೊಗರಿ ಕಣಜ:
ಎಲ್ಲ ಕಡೆ ಇದೇ ಕಥೆ. ಸಿಸೇರಿಯನ್ ಎಂದರೆ ಎರಡು ಬ್ಯಾಗ್ ಕ್ರಾಸ್‌ಮ್ಯಾಚ್ ಮಾಡಿಡಿ ಅಂತ ಚೀಟಿ ಬರುತ್ತದೆ, ಬಳಕೆಯಾಗುವುದು ಅಪರೂಪ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿ ಇಳಿದು ಹೋದ ಹಾಗೆ.

ಒಂದು ತಿಂಗಳ ರಿಜಿಸ್ಟರ್ ತೆಗೆದು, ಕ್ರಾಸ್‌ಮ್ಯಾಚ್ ಮಾಡಿದ ಬ್ಯಾಗ್‌ಗಳನ್ನು ನಿಜವಾಗಿ ಹಾಕಿದ ಬ್ಯಾಗ್‌ಗಳಿಂದ ಭಾಗಿಸಿ. 2 ಅಥವಾ ಅದಕ್ಕಿಂತ ಕಡಿಮೆ ಬಂದರೆ ಚೆನ್ನಾಗಿದೆ. 3, 4 ಬಂದರೆ ನಿಮ್ಮ ಕೊರತೆ ವಾರ್ಡಿನ ಚೀಟಿಯಲ್ಲೇ ಹುಟ್ಟುತ್ತಿದೆ. ಆ ಅಂಕಿ ಹಿಡಿದುಕೊಂಡು ಹೋಗಿ ಡಾಕ್ಟರ ಹತ್ತಿರ ಕೂತು ಮಾತಾಡಿ. ದೂರು ಹೇಳಿದರೆ ಕಿವಿಗೆ ಹೋಗುವುದಿಲ್ಲ, ಅಂಕಿ ತೋರಿಸಿದರೆ ಹೋಗುತ್ತದೆ.

ರಿಸರ್ವ್‌ಗೆ ಗಡಿ ಹಾಕಿ. ಕ್ರಾಸ್‌ಮ್ಯಾಚ್‌ಗೆ ತೆಗೆದ ರೋಗಿಯ ರಕ್ತದ ಸ್ಯಾಂಪಲ್ ಹೇಗೂ ಮೂರು ದಿನಕ್ಕಿಂತ ಹಳೆಯದಾಗಬಾರದು, ಬಸುರಿ ಹೆಂಗಸರಲ್ಲಂತೂ ಇದು ಕಡ್ಡಾಯ. ಆದ್ದರಿಂದ 72 ಗಂಟೆ ದಾಟಿದ ಮೇಲೆ ಆ ಕ್ರಾಸ್‌ಮ್ಯಾಚ್‌ಗೆ ಅರ್ಥವಿಲ್ಲ. ಬ್ಯಾಗ್ ತಾನಾಗಿ ಸ್ಟಾಕ್‌ಗೆ ಮರಳಬೇಕು. ತೊಡಕಿಲ್ಲದ ಸಿಸೇರಿಯನ್‌ಗೆ ಗ್ರೂಪ್ ನೋಡಿ, ಆ್ಯಂಟಿಬಾಡಿ ಸ್ಕ್ರೀನ್ (ಬೇರೆಯವರ ಕೆಂಪುಕಣದ ವಿರುದ್ಧ ಪ್ರತಿಕಾಯ ಇದೆಯೇ ಎಂಬ ಪರೀಕ್ಷೆ) ಮಾಡಿ ಸ್ಯಾಂಪಲ್ ಇಟ್ಟುಕೊಂಡರೆ ಸಾಕಾಗುತ್ತದೆ, ಆ ಸ್ಕ್ರೀನ್ ನಿಮ್ಮಲ್ಲಿ ಇಲ್ಲದಿದ್ದರೆ ಸ್ಯಾಂಪಲ್ ಮೊದಲೇ ಮದರ್ ಸೆಂಟರ್‌ಗೆ ಕಳಿಸಿ. ಆದರೆ ಗರ್ಭದ ಕಸ (ಪ್ಲಾಸೆಂಟಾ) ಕೆಳಗಿರುವವರಿಗೆ, ಹಿಮೋಗ್ಲೋಬಿನ್ ತೀರಾ ಕಡಿಮೆ ಇರುವವರಿಗೆ ಈ ಮಾತು ಬೇಡ. ಅವರಿಗೆ ಬ್ಯಾಗ್ ಕೈಯಲ್ಲೇ ಇರಲಿ.

ಇನ್ನೊಂದು. ಕೆಂಪಾಗಲು 7 ದಿನ ಇಟ್ಟಿದ್ದೀರಿ, ಅದು ತಡವಾಯಿತು. ಸ್ಟೋರೇಜ್ ಸೆಂಟರ್‌ಗಳ ಮಾರ್ಗಸೂಚಿಯಲ್ಲೇ ಇದೆ: ಬಳಸದ ಬ್ಯಾಗನ್ನು ಅವಧಿಗೆ ಕನಿಷ್ಠ 10 ದಿನ ಮುಂಚೆ ಮದರ್ ಸೆಂಟರ್‌ಗೆ ವಾಪಸ್ ಕೊಟ್ಟು ಹೊಸದು ತರಬೇಕು. ನಿಮ್ಮಲ್ಲಿ ಹತ್ತು ದಿನ ಕೂರುವ ಬಿ ಪಾಸಿಟಿವ್ ಇಲ್ಲಿ ದೊಡ್ಡಾಸ್ಪತ್ರೆಗಳಲ್ಲಿ ಬೇಗ ಖರ್ಚಾಗುತ್ತದೆ. ಶೀಟಿನಲ್ಲಿ 13 ದಿನ ಹಾಕಿ, ಗಾಡಿ ಸಿಗಲು ಮೂರು ದಿನ ಬೇಕೇ ಬೇಕು. ಬರುವಾಗ ಉಷ್ಣತೆಯ ದಾಖಲೆ ಜೊತೆಗಿರಲಿ. ಅದಿಲ್ಲದೆ ನಾವು ವಾಪಸ್ ತೆಗೆದುಕೊಳ್ಳುವುದಿಲ್ಲ, ಬೈದುಕೊಂಡರೂ ಸರಿ.

ನೈಟ್ ಡ್ಯೂಟಿ:
ಈ ಬಿಸಿಲಲ್ಲಿ ಯಾದಗಿರಿಯಿಂದ ಕಲಬುರಗಿಗೆ ಬಾಕ್ಸ್‌ನಲ್ಲಿ ಐಸ್ ತುಂಬಿ ಕಳಿಸಬಹುದಾ?

ತೊಗರಿ ಕಣಜ:
ಐಸ್‌ಪ್ಯಾಕ್ ಇಡಿ, ಆದರೆ ಬ್ಯಾಗಿಗೆ ತಾಗಬಾರದು. ನಡುವೆ ರಟ್ಟು ಅಥವಾ ದಪ್ಪ ಬಟ್ಟೆ ಹಾಕಿ. ಹೆಪ್ಪುಗಟ್ಟಿದರೆ ಕೆಂಪುಕಣ ಒಡೆಯುತ್ತವೆ, ಆಮೇಲೆ ಆ ಬ್ಯಾಗ್ ಕಸಕ್ಕೇ. ದಾರಿಯಲ್ಲಿ 10 ಡಿಗ್ರಿ ದಾಟಬಾರದು.

ಬೀದರ್ ಕೋಟೆ:
ಎಬಿ ಪಾಸಿಟಿವ್ ಬಗ್ಗೆ ಯಾರೂ ಮಾತಾಡಲಿಲ್ಲ. ಎಬಿ ರೋಗಿಗೆ ಎ, ಬಿ, ಒ ಯಾವುದರ ಪ್ಯಾಕ್ಡ್ ಸೆಲ್ ಬೇಕಾದರೂ ಕ್ರಾಸ್‌ಮ್ಯಾಚ್ ನೋಡಿ ಕೊಡಬಹುದು. ಎಬಿ ಬ್ಯಾಗ್ ಮಾತ್ರ ಎಬಿಯವರಿಗೇ. ನಮ್ಮ ಜನರಲ್ಲಿ ಅವರೇ ಕಡಿಮೆ. ಮಾರ್ಗಸೂಚಿಯಲ್ಲಿ ಎ, ಬಿ, ಒ ಪಾಸಿಟಿವ್ ಐದೈದು, ಎಬಿ ಎರಡು, ನೆಗೆಟಿವ್‌ನಲ್ಲಿ ಎ, ಬಿ, ಒ ಒಂದೊಂದು ಅಂತಿದೆ. ಜೊತೆಗೆ ಅಗತ್ಯ ನೋಡಿ ಬದಲಿಸಿಕೊಳ್ಳಿ ಅಂತಲೂ ಇದೆ. ನಾನಾದರೆ ಎಬಿ ಇಡುವುದೇ ಇಲ್ಲ, ಬದಲಿಗೆ ಬಿ ಇನ್ನೆರಡು ಕೇಳುತ್ತೇನೆ. ಒ ನೆಗೆಟಿವ್ ಬ್ಯಾಗಿನ ಅವಧಿ ಹತ್ತಿರ ಬಂದು, ವಾಪಸ್ ಕಳಿಸಲೂ ಆಗದಿದ್ದರೆ ಒ ಪಾಸಿಟಿವ್ ರೋಗಿಗೆ ಕೊಡಿ. ಎಸೆಯುವುದಕ್ಕಿಂತ ಅದು ಮೇಲು.

ಭೀಮಾತೀರ:
ಅಪ್‌ಡೇಟ್. ಲೇಬಲ್ ನೋಡಿ ಶೀಟ್ ಪೂರ್ತಿ ಮತ್ತೆ ಹೊಡೆದೆವು. ಹೊಡೆದ ಕೂಡಲೇ ನಾಲ್ಕು ಸಾಲು ಕೆಂಪಾದವು. ಒ ಪಾಸಿಟಿವ್ ಎರಡು ಕಲಬುರಗಿಗೆ ಹೋಗಿ ಹೊಸ ಬ್ಯಾಗ್ ಬಂದವು. ಭಾಗಾಕಾರ ಮಾಡಿದೆ, 4ಕ್ಕಿಂತ ಮೇಲೆ ಬಂತು. ಡಾಕ್ಟರ್ ಅಂಕಿ ನೋಡಿ 72 ಗಂಟೆಗೆ ಒಪ್ಪಿದ್ದಾರೆ, ಆದರೆ ರಿಸರ್ವ್ ತೆಗೆಯುವ ಮುಂಚೆ ಒಂದು ಫೋನ್ ಮಾಡಿ ಎಂದಿದ್ದಾರೆ. ಅದು ನ್ಯಾಯವೇ.

ಒಂದು ಸಂಶಯ ಉಳಿದಿದೆ. ಶೀಟಿನಲ್ಲಿ ಸಂಗ್ರಹದ ದಿನಕ್ಕೆ 35 ಕೂಡಿಸುವ ಫಾರ್ಮುಲಾ ಹಾಕಿದರೆ ಅವಧಿ ಹೊಡೆಯುವ ಕೆಲಸವೇ ತಪ್ಪುತ್ತದಲ್ವಾ?

ತೊಗರಿ ಕಣಜ:
ಬೇಡ. ರಕ್ತ ಕೆಡದಂತೆ ಬ್ಯಾಗಿನಲ್ಲಿ ಹಾಕುವ ದ್ರಾವಣದ ಮೇಲೆ ಅವಧಿ ನಿಂತಿದೆ: ಸಿಪಿಡಿಎ ಬ್ಯಾಗಿಗೆ 35 ದಿನ, ಎಸ್‌ಎಜಿಎಂ ಸೇರಿಸಿದ್ದಕ್ಕೆ 42. ನಮ್ಮಿಂದ ಎರಡೂ ಬರುತ್ತವೆ. ಎಲ್ಲಕ್ಕೂ 35 ಹಾಕಿದರೆ ಇನ್ನೂ ಒಂದು ವಾರ ಬಾಳುವ ಬ್ಯಾಗನ್ನು ಎಸೆಯುತ್ತೀರಿ, 42 ಹಾಕಿದರೆ ಅದಕ್ಕಿಂತ ಕೆಟ್ಟದ್ದು. ಬ್ಯಾಗಿನ ವಿಧಕ್ಕೆ ಒಂದು ಕಾಲಂ ಮಾಡಿ, ಫಾರ್ಮುಲಾ ಬೇಕಿದ್ದರೆ ತಾಳೆ ನೋಡಲು ಇಟ್ಟುಕೊಳ್ಳಿ. ಅವಧಿ ಮಾತ್ರ ಲೇಬಲ್ ನೋಡಿಯೇ ಹೊಡೆಯಿರಿ. ಎರಡೂ ಹೊಂದದಿದ್ದರೆ ಬ್ಯಾಗ್ ಕೊಡುವ ಮುಂಚೆ ನಮಗೆ ಫೋನ್ ಮಾಡಿ.