ಗಲ್ಲಾದಲ್ಲಿ ಕೂತ ಬಿ.ಕಾಂ. ಹುಡುಗನಿಗೆ 207 ರೂಪಾಯಿ ಯಾಕೆ ಕೊಟ್ರು ಅಂತ್ಲೇ ಗೊತ್ತಾಗ್ಲಿಲ್ಲ

ಠಾಣೆ ಹೋಟ್ಲಿನವ:
ಠಾಣೆಯಲ್ಲಿ ನಮ್ದೊಂದು ಸಣ್ಣ ಹೋಟೆಲು. ಮೊನ್ನೆ ಬಿಲ್ಲಿಂಗ್ ಮೆಷಿನ್ ಕೈಕೊಟ್ಟಿತ್ತು, ಗಲ್ಲಾದಲ್ಲಿ ಅಕ್ಕನ ಮಗ ಕೂತಿದ್ದ, ಬಿ.ಕಾಂ. ಮುಗಿಸಿದವ. ಬಿಲ್ 187, ಗಿರಾಕಿ 200ರ ಜೊತೆ ಚಿಲ್ಲರೆ 7 ಇಟ್ರು, 20ರ ನೋಟು ಸಿಗ್ಲಿ ಅಂತ. ಇವ "ಸರ್ ಏಳು ರೂಪಾಯಿ ಜಾಸ್ತಿ ಬಂತು" ಅಂತ ಅದನ್ನ ವಾಪಸ್ ತಳ್ಳಿ ಮೊಬೈಲ್ ತೆಗ್ದು 200ರಲ್ಲಿ 187 ಕಳೀಲಿಕ್ಕೆ ಶುರು ಮಾಡಿದ. ನಾಚಿಕೆ ಆಯ್ತು ಮಾರಾಯ್ರೆ.

ನನ್ನಪ್ಪ ಊರಲ್ಲಿ ನಾಲ್ಕನೇ ಕ್ಲಾಸು, ಬೊಂಬಾಯಿಗೆ ಬಂದು ಹಗಲು ಟೇಬಲ್ ಒರೆಸಿ ರಾತ್ರಿ ಫೋರ್ಟ್ ಏರಿಯಾದ ಕನ್ನಡ ನೈಟ್ ಸ್ಕೂಲಲ್ಲಿ ಏಳನೇವರೆಗೆ ಓದಿದವ್ರು. ವೇಟರ್ ದೂರದಿಂದ ಕೂಗಿದ್ರೆ ಬಾಯಲ್ಲೇ ಕೂಡಿಸಿ ಹೇಳ್ತಿದ್ರು. ಅವ್ರು ಅಮ್ಮನಿಗೆ ಬರ್ದ ಇನ್‌ಲ್ಯಾಂಡ್ ಲೆಟರ್ ಈಗ್ಲೂ ಇದೆ, ಒಂದು ಒತ್ತಕ್ಷರ ತಪ್ಪಿಲ್ಲ. ಇವನಿಗೆ ಬ್ಯಾಂಕಿಗೊಂದು ಅರ್ಜಿ ಬರಿ ಅಂದ್ರೆ ಕನ್ನಡ ಬಿಡಿ, ಮರಾಠಿಯೂ ಇಲ್ಲ ಇಂಗ್ಲಿಷೂ ಇಲ್ಲ. ನಿಮ್ಮಲ್ಲೂ ಹೀಗೇನಾ, ಅಥ್ವಾ ನಂಗೇ ವಯಸ್ಸಾಯ್ತಾ?

ಉಕ್ತಲೇಖನ ಟೀಚರ್:
ನಿಮಗೆ ವಯಸ್ಸಾಗಿಲ್ಲ. ನಾನು ಮುಂಬಯಿಯಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ಕಲಿಸಿದವಳು, ನನ್ನ ಕಣ್ಣೆದುರೇ ದಿನಾ ಇದ್ದ ಉಕ್ತಲೇಖನ ವಾರಕ್ಕೊಂದಾಯ್ತು, ಆಮೇಲೆ ಬಿಟ್ಟ ಸ್ಥಳ ತುಂಬಿ ಬಂತು, ಮಗು ಇಡೀ ವಾಕ್ಯ ಬರೆಯೋದೇ ನಿಂತೋಯ್ತು. ಕೈಗೆ ಅಭ್ಯಾಸ ಇಲ್ದೆ ಒತ್ತಕ್ಷರ ಎಲ್ಲಿಂದ ಬರ್ಬೇಕು. ಹಳ್ಳಿಗಳಲ್ಲಿ ಮಾಡೋ ಅಸರ್ ಸರ್ವೆ 2024ರಲ್ಲಿ ಹೇಳಿದ್ದು ನೋಡಿ, ಐದನೇ ಕ್ಲಾಸಿನ ಮಕ್ಕಳಲ್ಲಿ ಭಾಗಾಕಾರ ಬಂದಿದ್ದು 30.7%ಗೆ, ಎರಡನೇ ಕ್ಲಾಸಿನ ಪಾಠ ಓದಕ್ಕೆ ಬಂದಿದ್ದು 48.8%ಗೆ. 2018ರಲ್ಲಿ ಭಾಗಾಕಾರ 27.9% ಇತ್ತು, ಹಾಗಾಗಿ ವರ್ಷ ವರ್ಷ ಕುಸೀತಿದೆ ಅನ್ನಕ್ಕೂ ಆಗಲ್ಲ, ಆದ್ರೂ ನೂರರಲ್ಲಿ ಎಪ್ಪತ್ತು ಮಕ್ಕಳು!

ಇನ್ನೊಂದು, ಮರಾಠಿಯಲ್ಲಿ 21 ಅಂದ್ರೆ ಏಕವೀಸ್, ಒಂದು ಮೊದ್ಲು ಇಪ್ಪತ್ತು ಆಮೇಲೆ, ಮಗು ಕೇಳಿದ ಹಾಗೇ ಬರೆದ್ರೆ 12 ಆಗತ್ತೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಾಡೋ ಬಾಲಭಾರತಿ ಎರಡನೇ ಕ್ಲಾಸಿನ ಪುಸ್ತಕದಲ್ಲಿ ವೀಸ್ ಏಕ್ ಅಂತ ತಂದಿದ್ದಕ್ಕೆ ಏನು ಗಲಾಟೆ ಆಯ್ತು ಅಂತೀರಿ. ನಾವು ಇಪ್ಪತ್ತೊಂದು ಅಂತ ಮೊದಲಿಂದ ಅದನ್ನೇ ಹೇಳ್ತಿದ್ದೀವಿ, ನಮ್ಮ ಮಕ್ಕಳಿಗೆ ಆ ನೆಪನೂ ಇಲ್ಲ.

ಪುಣೆಕರ ಗೌಡ:
ನಿಮ್ಮ ಅಪ್ಪಾರ ಕೂಡ ಟೇಬಲ್ ಒರಸಿದ ಉಳದ ಹುಡುಗೂರ ಕಥಿ ಯಾರ ಹೇಳ್ತಾರ್ರಿ? ಸಾಲಿಗೇ ಹೋಗದವ್ರ ಪತ್ರ ಯಾರ ಮನ್ಯಾಗೂ ಇರೂದಿಲ್ಲ. 1951ರ ಜನಗಣತಿಯೊಳಗ ಓದಾಕ ಬರಿಯಾಕ ಬರತಿದ್ದವ್ರು ನೂರಕ್ಕ 18 ಮಂದಿ ಅಷ್ಟ. ನಮ್ಮಜ್ಜಿ ಹೆಬ್ಬಟ್ಟು, ಆದ್ರ ಸಂತಿ ಲೆಕ್ಕ ಬೆರಳಿನ ಗೆಣ್ಣ ಮ್ಯಾಲೆ ಮಾಡಾಕಿ, ಒಂದ ಪೈಸಾ ತಪ್ಪತಿರಲಿಲ್ಲ. ಯಾಕಂದ್ರ 1957ರ ಏಪ್ರಿಲ್ ತನಾ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸಾ, ಕಾಲು ಅರೆ ಮುಕ್ಕಾಲು ಮಗ್ಗಿ ಬಾಯಾಗಿರದಿದ್ರ ಅಂಗಡ್ಯಾಗ ಟೊಪ್ಪಿಗಿ ಹಾಕ್ಸಿಕೊಂಡ ಬರಬೇಕಿತ್ತು. ಇಲ್ಲಿ ಮರಾಠಿ ಮುದುಕರೂ ಪಾವ್ಕಿ, ನಿಮ್ಕಿ, ದಿಡ್ಕಿ (ಕಾಲು, ಅರೆ, ಒಂದೂವರಿ ಮಗ್ಗಿ) ಅಂತ ಹೇಳ್ತಾರ, ಅದ ನಮ್ಮ ಮಗ್ಗೀನ. ನೂರು ಪೈಸಾ ಬಂತು, ಆ ಮಗ್ಗಿ ಹೋತು. ಈಗ ಕ್ಯೂಆರ್ ಬಂತು, ಚಿಲ್ಲರನ ಹೋತು. ನಿಮ್ಮ ಹುಡುಗಗ ಯಾರರ 207 ಕೊಟ್ಟಿದ್ದ ಮೊದಲ್ನೇ ಸಲ ಇರಬೇಕ ನೋಡ್ರಿ, ಬೈಬ್ಯಾಡ್ರಿ.

ಮುಲುಂಡ್ ಸ್ಲೋ ಲೋಕಲ್:
ನಂಗೆ 24. ಹೋದ ತಿಂಗ್ಳು ರೂಮ್ ಡಿಪಾಸಿಟ್‌ಗೆ ಲೈಫಲ್ಲಿ ಮೊದಲ್ನೇ ಚೆಕ್ ಬರ್ದೆ, ಫಾರ್ಟಿಯಲ್ಲಿ ಯು ಇದ್ಯಾ ಇಲ್ವಾ ಅಂತ ಗೂಗಲ್ ಮಾಡಿದೆ, ಆದ್ರೂ ಎರಡು ಚೆಕ್ ಹಾಳಾಯ್ತು 😂 ಈ ಕಮೆಂಟೂ ಫೋನಿಗೆ ಬಾಯಲ್ಲಿ ಹೇಳಿದ್ದು, ಕೈಯಲ್ಲಿ ಬರಿ ಅಂದ್ರೆ ಬರ್ತಾನೇ ಇರ್ಲಿಲ್ಲ.

ಉಕ್ತಲೇಖನ ಟೀಚರ್:
ಗೌಡ್ರೆ ಒಪ್ಪಿದೆ, ಆದ್ರೆ ನಿಮ್ಮಜ್ಜಿ ಶಾಲೆಗೆ ಹೋಗಿರ್ಲಿಲ್ಲ. ಇವ ಹದಿನೈದು ವರ್ಷ ಹೋಗಿದ್ದಾನೆ, ಫೀಸ್ ಕಟ್ಟಿ.

ಠಾಣೆ ಹೋಟ್ಲಿನವ:
ಗೌಡ್ರು ಹೇಳಿದ್ದು ನಾಟಿತು. ನಿನ್ನೆ ಅವನನ್ನ ಕೂರಿಸಿ ಅಪ್ಪನ ದಾರಿ ತೋರಿಸ್ದೆ, ಕಳೀಬೇಡ, ಮೇಲೆ ಮೇಲೆ ಹಾಕ್ತಾ ಹೋಗು, 187ಕ್ಕೆ ಮೂರು ಹಾಕಿದ್ರೆ 190, ಹತ್ತು ಹಾಕಿದ್ರೆ 200, ಕೈಯಲ್ಲಿದ್ದ ಏಳು ಸೇರಿದ್ರೆ ಇಪ್ಪತ್ತು. "ಇಷ್ಟೇನಾ ಮಾಮ" ಅಂದ. ಸಂಜೆ ರಶ್ಶಲ್ಲಿ ಎರಡು ಸಲ ತಪ್ಪಿದ, ಒಂದು ಸಲ ನಾನೇ ತಪ್ಪಿದೆ, ಅದು ಬೇರೆ ಕಥೆ. ಮೆಷಿನ್ ರಿಪೇರಿಯವನಿಗೆ ನಾಲ್ಕು ದಿನ ಬಿಟ್ಟು ಬಾ ಅಂದಿದ್ದೇನೆ.