ಕಾರ್ ಶೆಡ್ಡನ್ನ ರೂಮ್ ಮಾಡಿಸಿದೋರು ಅನುಭವ ಹೇಳ್ರಿ

ದಾವಣಗೆರೆ ವಿನೋಬನಗರದಲ್ಲಿ ನಮ್ಮ ಮನೆ. ಬೆಡ್‌ರೂಮೆಲ್ಲ ಮಹಡಿ ಮೇಲೆ. ಅಪ್ಪನಿಗೆ ಮಂಡಿನೋವು, ಹತ್ತಿ ಇಳಿಯೋಕಾಗ್ತಿಲ್ಲ. ಮನೆಗೆ ಅಂಟಿಕೊಂಡಿರೋ ಕಾರ್ ಶೆಡ್ಡನ್ನೇ ಅವರಿಗೆ ರೂಮ್ ಮಾಡಿಸೋಣ ಅಂತ. ಏನೇನು ನೋಡ್ಕೋಬೇಕು?

ವಿದ್ಯಾನಗರದಿಂದ:
ಮೂರು ವರ್ಷದ ಹಿಂದೆ ನಮ್ಮ ಅತ್ತೆಗೋಸ್ಕರ ಇದನ್ನೇ ಮಾಡಿಸಿದ್ವಿ. ಮೊದಲು ಸಂಪು ಎಲ್ಲಿದೆ ನೋಡ್ರಿ. ನಮ್ಮೂರಲ್ಲಿ ಸುಮಾರು ಮನೆಗಳಲ್ಲಿ ಅದು ಕಾರ್ ನಿಲ್ಲಿಸೋ ಜಾಗದ ಕೆಳಗೇ ಇರುತ್ತೆ. ಮುಚ್ಚಳ ರೂಮಿನೊಳಗೆ ಉಳಿದ್ರೆ ತೊಳೆಸೋ ದಿನ ಮಂಚ ಎತ್ತಬೇಕು, ತೇವದ ವಾಸನೆ ಬೇರೆ. ಸಂಪಿನ ಸ್ಲ್ಯಾಬ್ ಮೇಲೆ ಗೋಡೆ ಕೂರಿಸೋದಂತೂ ಬೇಡವೇ ಬೇಡ. ನಾವು ಮುಂದಿನ ಗೋಡೆನ ಐದಡಿ ಒಳಕ್ಕೆ ತಗೊಂಡು ಸಂಪನ್ನ ಹೊರಗೆ ಬಿಟ್ವಿ. ರೂಮು ಚಿಕ್ಕದಾಯ್ತು, ಅದಕ್ಕೆ ಬೇಜಾರಿಲ್ಲ.

ಬೇಜಾರಿರೋದು ನೆಲದ ವಿಷಯಕ್ಕೆ. ಶೆಡ್ಡಿನ ನೆಲ ಹಾಲಿಗಿಂತ 14 ಇಂಚು ಕೆಳಗಿತ್ತು. ಪೂರ್ತಿ ತುಂಬಿದ್ರೆ ಸೂರು 9 ಅಡಿಗಿಂತ ತಗ್ಗಾಗುತ್ತೆ ಅಂತ ಮೇಸ್ತ್ರಿ 10 ಇಂಚಿಗೇ ನಿಲ್ಲಿಸಿದ್ರು. ಬಾಗಿಲಲ್ಲಿ 4 ಇಂಚಿನ ಮೆಟ್ಟಿಲು ಉಳೀತು. ಎರಡನೇ ವಾರವೇ, ರಾತ್ರಿ ಬಚ್ಚಲಿಗೆ ಅಂತ ಎದ್ದ ಅತ್ತೆ ಅಲ್ಲೇ ಎಡವಿ ಬಿದ್ದು ಮುಂಗೈ ಮುರ್ಕೊಂಡ್ರು. ಆಮೇಲೆ ಇಳಿಜಾರು ಮಾಡಿಸೋಕೆ ಹೋದ್ರೆ, ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದದ ಲೆಕ್ಕದಲ್ಲಿ ಆ 4 ಇಂಚಿಗೆ 4 ಅಡಿ ಉದ್ದ ಬೇಕಾಯ್ತು. ರಾಷ್ಟ್ರೀಯ ಕಟ್ಟಡ ಸಂಹಿತೆನೂ ವಾಸದ ಕೋಣೆಗೆ 2.75 ಮೀಟರ್, ಅಂದ್ರೆ 9 ಅಡಿ ಎತ್ತರ ಕೇಳುತ್ತೆ, ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ನಾವು ಮೊದಲೇ ಟೇಪ್ ಹಿಡಿದು ನೋಡಬೇಕಿತ್ತು. ಎತ್ತರ, ಸಮನೆಲ ಎರಡೂ ಸಿಗದಿದ್ರೆ ಹಾಲಿನ ಒಂದು ಮೂಲೆಗೆ ಗೋಡೆ ಎಬ್ಬಿಸಿ ಅಪ್ಪನಿಗೆ ಕೊಡೋದೇ ವಾಸಿ ಅಂತ ನನಗನ್ಸುತ್ತೆ.

ತುಂಬೋಕೆ ಗರಸೇ ತರಿಸ್ರಿ. ಪಾಯ ಅಗೆದ ಎರೆಮಣ್ಣು ಬಿಟ್ಟಿ ಸಿಗುತ್ತೆ ಅಂತ ಹಾಕಿಸ್ಬೇಡಿ. ನೀರು ಕುಡಿದ್ರೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಟೈಲ್ಸ್ ಏಳುತ್ತೆ. ಅರ್ಧ ಅಡಿಗೊಂದ್ಸಲ ನೀರು ಬಿಟ್ಟು ದಿಮ್ಮಸು ಹೊಡೆಸ್ರಿ.

ಚಿತ್ರದುರ್ಗದಿಂದ:
ನಮ್ಮ ಶೆಡ್ಡಿನ ಷಟರ್ ಪಶ್ಚಿಮಕ್ಕಿತ್ತು. ಅದನ್ನ ಹಾಗೇ ಬಿಟ್ಟು ಒಳಗಡೆ ಪ್ಲೈವುಡ್ ಹೊಡೆಸಿದ್ವಿ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರರ ಮೇಲೆ ಅದರ ಮೇಲೆ ಕೈ ಇಟ್ರೆ ಕಾದ ಹೆಂಚು. ಅಮ್ಮ ಚಾಪೆ ತಗೊಂಡು ಅಡುಗೆಮನೆಯಲ್ಲಿ ಮಲಗ್ತಿದ್ರು. ಕೊನೆಗೆ ಷಟರ್ ಕಿತ್ತು ಇಟ್ಟಿಗೆ ಗೋಡೆ ಕಟ್ಟಿಸಿ, ಉತ್ತರಕ್ಕೆ ಕಿಟಕಿ ಇಡಿಸಿದ್ವಿ. ಷಟರ್ ಇದ್ದ ಜಾಗದಲ್ಲಿ ಗೋಡೆ ಹೊರೋ ಪಾಯ ಇರಲಿಲ್ಲ, ತೆಗೆಸಬೇಕಾಯ್ತು. ನಿಮ್ಮದನ್ನೂ ಅಗೆಸಿ ನೋಡ್ರಿ.

ಎಂಸಿಸಿ ಬಿ ಬ್ಲಾಕಿನಿಂದ:
ಮಂಜೂರಾದ ಪ್ಲಾನಲ್ಲಿ ಅದು ಪಾರ್ಕಿಂಗ್ ಅಂತ ಇದ್ರೆ ಕೆಲಸಕ್ಕೆ ಮುಂಚೆ ಪಾಲಿಕೆಯಲ್ಲಿ ವಿಚಾರಿಸಿ. ಬಚ್ಚಲೂ ಅಲ್ಲೇ ಬೇಕು ಅಂದ್ರೆ ಯುಜಿಡಿ (ಒಳಚರಂಡಿ) ಚೇಂಬರ್ ಎಷ್ಟು ಆಳದಲ್ಲಿದೆ ನೋಡ್ಕೊಳ್ಳಿ. ನಮ್ಮ ಪ್ಲಂಬರ್ 4 ಇಂಚಿನ ಪೈಪಿಗೆ ನಲವತ್ತು ಅಡಿಗೆ ಒಂದು ಅಡಿ ಇಳುಕಲು ಇಟ್ರು. ನಿಮ್ಮ ಶೆಡ್ಡು ಹಾಲಿಗಿಂತ ಎಷ್ಟು ಕೆಳಗಿದೆ, ಅಳೆದು ಹೇಳ್ತೀರಾ?