ಮ್ಯೂಸಿಯಂ ವೆಬ್‌ಸೈಟಿನ ವಿಜ್ಞಾನ ನಮ್ಮ ಕ್ಲಾಸಿನಲ್ಲಿ ನಡೆಯುತ್ತಾ?

ಇಂಡಿ_ಟೀಚರ್:

ನಮಸ್ಕಾರ ಎಲ್ಲರಿಗೂ. ಇಂಡಿ ತಾಲ್ಲೂಕಿನ ಹಳ್ಳಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಕಲಿಸುತ್ತೇನೆ. ಕನ್ನಡ ಮೀಡಿಯಂ, 52 ಮಕ್ಕಳು. ಈಚೆಗೆ ಒಂದು ಸ್ಮಾರ್ಟ್ ಟಿವಿ ಬಂದಿದೆ. ದೊಡ್ಡ ದೊಡ್ಡ ಮ್ಯೂಸಿಯಂಗಳು ಶಾಲೆಗಳಿಗೆ ಅಂತಲೇ ಪುಕ್ಕಟೆ ಪಾಠ, ಪ್ರಯೋಗ, ವಿಡಿಯೋ ಎಲ್ಲಾ ಆನ್‌ಲೈನಿನಲ್ಲಿ ಇಟ್ಟಿವೆ ಎಂದು ಕೇಳಿ ಹುರುಪಿನಿಂದ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ವರ್ಚುವಲ್ ಟೂರ್ ಹಾಕಿದೆ. ಒಳಗೆ ಹೋದ ಕೂಡಲೇ ಮೇಲೆ ತೂಗು ಹಾಕಿದ ನೀಲಿ ತಿಮಿಂಗಿಲದ ಅಸ್ಥಿಪಂಜರ, 25 ಮೀಟರ್ ಉದ್ದ. ಮಕ್ಕಳು ಓ ಅಂದರು. ಮೂರು ನಿಮಿಷ ಅಷ್ಟೇ. ಆಮೇಲೆ ನೆಟ್ ಹೋಯಿತು, ಟಿವಿ ಮೇಲೆ ಚಕ್ರ ತಿರುಗುತ್ತಾ ಕೂತಿತು. ಹಿಂದಿನ ಬೆಂಚಿನವನು ಎದ್ದು "ಅಕ್ಕೋರೆ, ಇದು ಪರೀಕ್ಷೆದಾಗ ಬರ್ತದೇನ್ರಿ?" ಅಂದ.

ನನ್ನ ಪ್ರಶ್ನೆ ಇಷ್ಟೇ. 40 ನಿಮಿಷದ ಪೀರಿಯಡ್ಡಿನಲ್ಲಿ, ದುಡ್ಡು ಖರ್ಚು ಮಾಡದೆ, ನಿಜವಾಗಿ ಉಪಯೋಗಕ್ಕೆ ಬರೋದು ಇವುಗಳಲ್ಲಿ ಯಾವುದು? ಮುಂದೆ ತೇಲುವಿಕೆ, ಆಮೇಲೆ ಶಬ್ದ ಇದೆ. ಮಾಡಿ ನೋಡಿದವರು ಹೇಳಿ ದಯವಿಟ್ಟು.

ಗೋಕಾಕ_ಕರದಂಟು:

ಅಕ್ಕೋರೆ, ಟೂರ್ ಬಿಟ್ಟುಬಿಡಿ. ಮ್ಯೂಸಿಯಂಗೆ ಹೋದರೇ ಮಕ್ಕಳು ಓಡಾಡಿಕೊಂಡು ನೋಡ್ತಾರೆ, ಇನ್ನು ಟಿವಿಯಲ್ಲಿ ಕೂತು ನೋಡ್ತಾರಾ? ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೋರೇಟೋರಿಯಂ ಅಂತ ಒಂದು ವಿಜ್ಞಾನ ಮ್ಯೂಸಿಯಂ ಇದೆ, ಅವರ ವೆಬ್‌ಸೈಟಿನಲ್ಲಿ 'ಸೈನ್ಸ್ ಸ್ನ್ಯಾಕ್ಸ್' ಹುಡುಕಿ. ತಿನ್ನೋ ಸ್ನ್ಯಾಕ್ಸ್ ಅಲ್ಲ. ಮೊದಲು ಅವರು ತಮ್ಮ ಪ್ರದರ್ಶನದ ವಸ್ತುಗಳನ್ನು ಬೇರೆ ಮ್ಯೂಸಿಯಂನವರೂ ಮಾಡಿಕೊಳ್ಳಲಿ ಅಂತ 'ಅಡುಗೆ ಪುಸ್ತಕ' ಅನ್ನೋ ಹೆಸರಲ್ಲಿ ವಿಧಾನ ಬರೆದು ಕೊಟ್ಟಿದ್ದರು. ಅಷ್ಟು ದೊಡ್ಡದು ಕ್ಲಾಸಿನಲ್ಲಿ ಹಿಡಿಸಲ್ಲ ಅಂತ ಮೇಷ್ಟ್ರುಗಳೇ ಅದನ್ನು ಬೆಂಚಿನ ಮೇಲೆ ಆಗುವಷ್ಟು ಚಿಕ್ಕದು ಮಾಡಿದರು. ಊಟ ಹೋಗಿ ತಿಂಡಿ ಆಯಿತು.

ಇದನ್ನು 1969ರಲ್ಲಿ ಶುರು ಮಾಡಿದ ಫ್ರಾಂಕ್ ಓಪನ್‌ಹೈಮರ್ ಬಗ್ಗೆ ಒಂದು ಮಾತು. ಅಣುಬಾಂಬಿನ ರಾಬರ್ಟ್ ಓಪನ್‌ಹೈಮರ್ ಅವರ ತಮ್ಮ. ರಾಜಕೀಯ ಕಾರಣಕ್ಕೆ ಯೂನಿವರ್ಸಿಟಿ ಕೆಲಸ ಹೋಗಿ, ವರ್ಷಗಟ್ಟಲೆ ದನ ಸಾಕಿದರು, ಆಮೇಲೆ ಕೊಲರಾಡೋದ ಒಂದು ಸಣ್ಣ ಊರಲ್ಲಿ ಹೈಸ್ಕೂಲ್ ಮಾಸ್ತರ್ ಆದರು. ಅಂದರೆ ನಮ್ಮವರೇ!

ತೇಲುವಿಕೆಗೆ ಅವರದೇ ಒಂದು ಇದೆ. ಬೇಕರಿಯಲ್ಲಿ ಪಫ್ಸ್ ಜೊತೆ ಕೊಡ್ತಾರಲ್ಲ, ಆ ಸಾಸ್ ಪಾಕೀಟು ಹತ್ತು ತನ್ನಿ. ಒಂದೊಂದೇ ಲೋಟದ ನೀರಿಗೆ ಹಾಕಿ ನೋಡಿ. ಕೆಲವು ಮುಳುಗುತ್ತವೆ, ಬೇಡ. ತುದಿ ಮಾತ್ರ ಮೇಲೆ ಕಾಣುವಂತೆ ಕಷ್ಟಪಟ್ಟು ತೇಲೋದು ಬೇಕು. ಅದನ್ನು ಮಡಚಿ ತಂಪು ಪಾನೀಯದ ಖಾಲಿ ಬಾಟಲಿಯೊಳಗೆ ತೂರಿಸಿ, ಬಾಯಿತನಕ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ. ಬಾಟಲಿ ಹಿಸುಕಿದರೆ ಪಾಕೀಟು ಇಳಿಯುತ್ತೆ, ಬಿಟ್ಟರೆ ಏರುತ್ತೆ. ಪಾಕೀಟಿನೊಳಗೆ ಒಂದು ಗಾಳಿ ಗುಳ್ಳೆ ಇರುತ್ತೆ. ಹಿಸುಕಿದಾಗ ನೀರಿನ ಒತ್ತಡ ಜಾಸ್ತಿಯಾಗಿ ಗುಳ್ಳೆ ಕುಗ್ಗುತ್ತೆ. ಪಾಕೀಟು ಪಕ್ಕಕ್ಕೆ ಸರಿಸುವ ನೀರು ಕಡಿಮೆ ಆಗುತ್ತೆ, ಮೇಲಕ್ಕೆ ತಳ್ಳುವ ಬಲವೂ ಕಡಿಮೆ, ತೂಕ ಮಾತ್ರ ಅಷ್ಟೇ. ಅದಕ್ಕೇ ಮುಳುಗುತ್ತೆ. ಆರ್ಕಿಮಿಡೀಸ್ ಹೇಳಿದ್ದು ಪೂರ್ತಿ ಒಂದು ಬಾಟಲಿಯಲ್ಲಿ.

ಆದರೆ ಕಾರಣ ಮೊದಲೇ ಹೇಳಿಬಿಡಬೇಡಿ. ನಾನು ಆ ತಪ್ಪು ಮಾಡಿದ್ದೆ, ಮಕ್ಕಳು ಬಾಟಲಿ ಬಿಟ್ಟು ನೋಟ್ಸ್ ಬರೆಯೋಕೆ ಕೂತರು.

ಹುನಗುಂದ_ಬಸ್:

ಎಲ್ಲಾ ಸರಿ, ಇಂಗ್ಲಿಷ್ ಏನು ಮಾಡೋದು? ಆ ಪುಟಗಳು ನನಗೇ ಎರಡು ಸಲ ಓದಿದರೆ ತಿಳಿಯುತ್ತವೆ. ಫೋನಿನ ಅನುವಾದ ಒತ್ತಿದರೆ 'ತಂತಿಯಲ್ಲಿ ಪ್ರಸ್ತುತ ಹರಿಯುತ್ತದೆ' ಅಂತ ಬಂತು. ಪ್ರಸ್ತುತ ಅಂದರೆ ಕರೆಂಟು ಅಂತ ಹೊಳೆಯೋಕೆ ನನಗೆ ಒಂದು ಚಹಾ ಬೇಕಾಯಿತು. ಪುಕ್ಕಟೆ ಅನ್ನೋದೂ ಪೂರ್ತಿ ನಿಜ ಅಲ್ಲ, ನಮ್ಮ ಭಾನುವಾರ ಹೋಗುತ್ತೆ ಅಲ್ವಾ.

ಮ್ಯೂಸಿಯಂನದೇ ಆಗಬೇಕು ಅಂತಿಲ್ಲದಿದ್ದರೆ ಕೊಲರಾಡೋ ಯೂನಿವರ್ಸಿಟಿಯ 'ಫೆಟ್' ನೋಡಿ. ನೊಬೆಲ್ ಬಂದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಪರದೆ ಮೇಲೆ ಬ್ಯಾಟರಿ, ಬಲ್ಬು, ತಂತಿ ಎಳೆದು ಜೋಡಿಸಬಹುದು. ಕೆಲವು ಕನ್ನಡದಲ್ಲೇ ಇವೆ. ಮನೆಯಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಲ್ಲಿ ಲ್ಯಾಪ್‌ಟಾಪಿಗೆ ಹಾಕಿದರೆ ನೆಟ್ ಬೇಕಿಲ್ಲ. ಆದರೆ ಕರೆಂಟು ಬೇಕು, ಅದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ.

ಸ್ಟೇಷನ್_ರೋಡ್:

ವಿಜಯಪುರ ಜಿಲ್ಲೆಯಲ್ಲಿ ಕೂತು ಶಬ್ದದ ಪಾಠಕ್ಕೆ ಲಂಡನ್ನು, ಸ್ಯಾನ್ ಫ್ರಾನ್ಸಿಸ್ಕೋ ಯಾಕ್ರೀ? ಗೋಳಗುಮ್ಮಟ ಇದೆಯಲ್ಲ!

ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆ ಪಕ್ಕ ನಿಂತು ಚಪ್ಪಾಳೆ ಹೊಡೆದರೆ ಶಬ್ದ ಎದುರು ಗೋಡೆಗೆ ಹೋಗಿ ಬರೋಕೆ 76 ಮೀಟರ್. ಸೆಕೆಂಡಿಗೆ 340 ಮೀಟರ್ ಲೆಕ್ಕ ಹಾಕಿದರೆ 0.22 ಸೆಕೆಂಡ್. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ 0.1 ಸೆಕೆಂಡ್ ಅಂತರ ಸಾಕು ಅಂತ ಪುಸ್ತಕದಲ್ಲೇ ಇದೆ. ಈ ಲೆಕ್ಕ ಮಕ್ಕಳು ಕ್ಲಾಸಿನಲ್ಲಿ ಮಾಡಿ, ಅಲ್ಲಿ ಹೋಗಿ ಕೇಳಲಿ. ಪಿಸುಮಾತಿನದು ಬೇರೆ ಕಥೆ, ಅದು ಬಾಗಿದ ಗೋಡೆಗುಂಟ ಜಾರಿಕೊಂಡು ಆ ಕಡೆ ತಲುಪುತ್ತೆ. ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆ ಆದಮೇಲೆ ಟೂರಿಗೆ ಬಂದವರೆಲ್ಲ ತಮ್ಮ ತಮ್ಮ ಹೆಸರು ಕೂಗ್ತಾರೆ, ಏನೂ ಕೇಳಲ್ಲ. ಮಿನಾರಿನ ಮೆಟ್ಟಿಲು ಏಳು ಅಂತಸ್ತು ಹತ್ತಬೇಕು, ನೀರು ಮರೀಬೇಡಿ.

ಮಕ್ಕಳು ಕೈಯಲ್ಲಿ ಮುಟ್ಟಿ ನೋಡುವಂಥ ಮ್ಯೂಸಿಯಂ ಬೇಕಾದರೆ ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ಬೆಳಗಾವಿ ಕಡೆಯವರಿಗೆ ಧಾರವಾಡದ್ದು ಹತ್ತಿರ.

ಇಂಡಿ_ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ಒಂದು ವಾರ ತಡವಾಗಿ ಬರೆಯುತ್ತಿದ್ದೇನೆ.

ನಮ್ಮೂರಲ್ಲಿ ಬೇಕರಿ ಇಲ್ಲ. ಸಾಸ್ ಪಾಕೀಟಿನ ಬದಲು ಪೆನ್ನಿನ ಕ್ಯಾಪಿಗೆ ಎಂ‌ಸೀಲ್ ಮೆತ್ತಿ ಮಾಡಿದೆವು. ಮೊದಲ ಆರೂ ಸೀದಾ ತಳ ಸೇರಿದವು. ಮೇಲೆ ಬರಲೇ ಇಲ್ಲ. ಎಂ‌ಸೀಲ್ ಜಾಸ್ತಿಯಾಯಿತು ಅಂದುಕೊಂಡು ಕೆರೆದು ಕೆರೆದು ನನ್ನ ಉಗುರು ಹೋಯಿತು. ಆಮೇಲೆ ಒಬ್ಬಳು ಕ್ಯಾಪನ್ನು ಕಿಟಕಿ ಬೆಳಕಿಗೆ ಹಿಡಿದು "ಅಕ್ಕೋರೆ, ತುದೀಗೆ ತೂತ ಐತ್ರಿ" ಅಂದಳು. ಗಾಳಿಯೆಲ್ಲ ಅಲ್ಲಿಂದ ಹೋಗುತ್ತಿತ್ತು. ಅದನ್ನೂ ಮುಚ್ಚಿದ ಮೇಲೆ ಏಳನೆಯದು ಕುಣಿಯಿತು. ಪಾರದರ್ಶಕ ಕ್ಯಾಪ್ ಆದ್ದರಿಂದ ಬಾಟಲಿ ಹಿಸುಕಿದಾಗ ನೀರು ಒಳಗೆ ಏರಿ ಗುಳ್ಳೆ ಚಿಕ್ಕದಾಗೋದು ಕಣ್ಣಿಗೇ ಕಾಣುತ್ತದೆ. ನಾನು ಕಾರಣ ಹೇಳಲಿಲ್ಲ. ಅದೇ ಪರೀಕ್ಷೆಯ ಹುಡುಗ ಹೇಳಿದ.

ಮುಂದಿನ ಪ್ರಶ್ನೆ, ಹಾಗಾದರೆ ಕಂಪನಿಯವರು ತೂತು ಯಾಕೆ ಬಿಡ್ತಾರೆ ಅಂತ. ಮಗು ಕ್ಯಾಪ್ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೂ ಉಸಿರು ಆಡಲಿ ಅಂತ ಅಂದೆ. ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಕ್ಯಾಪ್ ಕಚ್ಚುವ ಚಟ ಇರುವವರೆಲ್ಲ ತಮ್ಮ ತಮ್ಮ ಪೆನ್ನು ತಿರುಗಿಸಿ ತೂತು ಹುಡುಕಿದರು.

ಗೋಳಗುಮ್ಮಟಕ್ಕೆ ಹೋಗೋಕೆ ಬಸ್ಸಿನ ಲೆಕ್ಕ ಹಾಕ್ತಾ ಇದ್ದೇನೆ. 52 ಜನರನ್ನು ಅಲ್ಲಿ ಪಿಸುಗುಟ್ಟಿಸೋದು ಹೇಗೆ ಅಂತ ಯಾರಾದರೂ ಹೇಳಿ.